ಮೀನಿನ ನೆಲೆ, ನದಿಯ ನೀರು

ಶೃಂಗೇರಿಯ ತುಂಗಾ ನದಿಯಲ್ಲಿಯೂ ಶಿಶಿಲದ ಕಪಿಲಾ ನದಿಯಲ್ಲಿಯೂ ಮೀನುಗಳನ್ನು ದೇವರ ಮೀನುಗಳೆಂದು ಭಾವಿಸಿ ಕಾಪಾಡಿಕೊಂಡು ಬಂದಿರುವುದು ಕನ್ನಡನಾಡಿನ ಹಿರಿಯರ ವಿವೇಕಕ್ಕೆ ಸಾಕ್ಷಿಯಾಗಿದೆ. ಅಲ್ಲಿ ಗಾಳವಿಲ್ಲ, ಬಲೆಯಿಲ್ಲ. ಆದರೆ ಈ ರಕ್ಷಣೆಯ ಎಲ್ಲೆ ದೇವಾಲಯದ ಸೋಪಾನದವರೆಗೆ ಮಾತ್ರ. ನೀರಾದರೋ ಮೇಲಿನಿಂದ ಹರಿದುಬರುತ್ತದೆ. ಅದರೊಡನೆ ಊರುಗಳ ಕೊಳಚೆ, ಹೊಲತೋಟಗಳ ಕೀಟನಾಶಕ, ಕಾರ್ಖಾನೆಗಳ ತ್ಯಾಜ್ಯ ಎಲ್ಲವೂ ಬರಬಹುದು.

1996ರಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿದ್ದರಿಂದ ಶಿಶಿಲದಲ್ಲಿ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗಾಗಿ ಅಲ್ಲಿ ಸ್ಮಾರಕವೊಂದಿದೆ. ಅದು ಕೂಡಲೆ ಕಣ್ಣಿಗೆ ಬಿದ್ದ ಕೇಡು. ದಿನದಿನವೂ ಅಷ್ಟಷ್ಟೇ ಸೇರುವ ಕಲ್ಮಷ ಹಾಗೆ ಕಣ್ಣಿಗೆ ಬೀಳುವುದಿಲ್ಲ. ತಿಳಿಯಾಗಿ ತೋರುವ ನೀರೂ ಮೀನಿಗೆ ಮಾರಕವಾಗಿರಬಹುದು. ಅದನ್ನು ಅರಿಯಲು ಪರೀಕ್ಷೆಯೊಂದೇ ದಾರಿ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಶುದ್ಧ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು; 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಮಿಗೆ ಇಳಿಯುತ್ತದೆ. ಕೊಳಚೆ ಸೇರಿದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಇರುವ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಆದುದರಿಂದ ಬೇಸಿಗೆಯಲ್ಲಿ ಹರಿವು ಕುಗ್ಗಿದ ನದಿಗೆ ಅಪಾಯ ಹೆಚ್ಚು. ಮೀನು ಬಾಳಬೇಕಾದ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಮಿಗೆ ಕಡಿಮೆಯಿಲ್ಲದಷ್ಟು ಆಮ್ಲಜನಕವಿರಬೇಕು, ಪಿ.ಎಚ್. ಮೌಲ್ಯ 6.5ರಿಂದ 8.5ರೊಳಗಿರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗೊತ್ತುಮಾಡಿದೆ.

ಜಲಮಾಲಿನ್ಯವನ್ನು ತಡೆಯುವ ಕಾನೂನು 1974ರಲ್ಲಿಯೇ ಬಂದಿತು. ಕಾನೂನಿದ್ದರೆ ಸಾಲದು, ಅಳತೆಯೂ ಸಕಾಲದಲ್ಲಿ ನಡೆಯಬೇಕು. ಜಲಸಸ್ಯಗಳು ಹಗಲು ಆಮ್ಲಜನಕವನ್ನು ಬಿಡುತ್ತವೆ. ಇರುಳು ಅವೂ ಅದನ್ನು ಬಳಸುತ್ತವೆ. ಹೀಗಾಗಿ ಅದು ಅತ್ಯಂತ ಕಡಿಮೆಯಾಗುವುದು ಸೂರ್ಯೋದಯಕ್ಕೆ ಮುಂಚೆ. ತಿಂಗಳಿಗೊಮ್ಮೆ ನಡುಹಗಲಿನಲ್ಲಿ ತುಂಬಿಕೊಂಡ ಒಂದು ಸೀಸೆಯ ನೀರು ಇರುಳಿನ ಸಂಕಟವನ್ನು ಹೇಳಲಾರದು.

ಇಷ್ಟೊಂದು ಪರೀಕ್ಷೆಗೆ ಹಣವೆಲ್ಲಿ ಎಂದು ಕೇಳುವವರುಂಟು. ಎಲ್ಲ ಪರೀಕ್ಷೆಗೂ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಉಷ್ಣತೆಯನ್ನೂ ಪಿ.ಎಚ್. ಮೌಲ್ಯವನ್ನೂ ದಡದಲ್ಲಿಯೇ ಅಳೆಯಬಹುದು. ಹೊಳೆಯ ಕಲ್ಲುಗಳಡಿಯಲ್ಲಿ ಬದುಕುವ ಕೆಲವು ಕೀಟಗಳ ಮರಿಗಳು ಕಲುಷಿತ ನೀರನ್ನು ತಾಳಲಾರವು; ಅವು ಕಾಣೆಯಾದರೆ ಅದೇ ಮೊದಲ ಎಚ್ಚರಿಕೆ. ಬೆಸ್ತರೂ ಶಾಲೆಯ ಮಕ್ಕಳೂ ಇದನ್ನು ಗುರುತಿಸಬಲ್ಲರು. ಹಾಗೆಂದು ಸರ್ಕಾರದ ಹೊಣೆ ತಗ್ಗುವುದಿಲ್ಲ. ಜನರು ಕಂಡದ್ದನ್ನು ಅಧಿಕಾರಿಗಳು ಪರಿಶೀಲಿಸಬೇಕು. ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ತಿಳಿಯುವಂತೆ ಬರೆಯಿಸಬೇಕು.

ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಬೇರೆಲ್ಲಿಯೂ ಸಹಜವಾಗಿ ಕಾಣದ ಡುಬ್ಬದ ಮಹಶೀರ್ ಮೀನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಸತ್ತ ಮೀನು ತೇಲಿದ ಮೇಲೆ ನಡೆಸುವ ಪರೀಕ್ಷೆಯಿಂದ ಸಾವಿನ ಕಾರಣ ತಿಳಿದೀತು, ಮೀನು ಮರಳಿ ಬಾರದು. ನೀರಿನ ಪರೀಕ್ಷೆ ಅದಕ್ಕೆ ಮೊದಲೇ ನಡೆಯಬೇಕು.