ಕೂಲಿ ಕೇಳದ ಪ್ರೀತಿ



ಅಂಚೆಟ್ಟಿ ತಾಲ್ಲೂಕಿನ ನಾಟ್ರಾಂಪಾಳ್ಯದ ಕಡೆ ನಾಯಿ ಸಾಕುವುದು ಶೋಕಿಗಾಗಿ ಅಲ್ಲ. ಊರಿಗೆ ಕಾಡು ಹತ್ತಿರ. ರಾಗಿ ತೆನೆಗಟ್ಟುವ ಕಾಲದಲ್ಲಿ ಆನೆಯೂ ಕಾಡುಹಂದಿಯೂ ಹೊಲಕ್ಕೆ ಇಳಿಯುತ್ತವೆ. ಕಾವಲು ಕೂತವನಿಗೆ ಮೊದಲು ಎಚ್ಚರಿಕೆ ಕೊಡುವುದು ನಾಯಿಯೇ. ಅದಕ್ಕೆ ಸಿಗುವುದೋ, ಉಳಿದ ಮುದ್ದೆಯ ಒಂದು ತುಣುಕು.

ಈ ಭಾಗದ ಎಷ್ಟೋ ಮನೆಗಳ ಮಕ್ಕಳು ಹೊಸೂರಿಗೂ ಬೆಂಗಳೂರಿಗೂ ಕೆಲಸಕ್ಕೆ ಹೋಗುತ್ತಾರೆ. ತಿಂಗಳಿಗೊಮ್ಮೆ ಊರಿಗೆ ಬಂದವನನ್ನು ನೆರೆಯವರು ಕೇಳುವುದು, ಸಂಬಳ ಎಷ್ಟು, ಕೆಲಸ ಖಾಯಮ್ಮೋ ಗುತ್ತಿಗೆಯೋ ಎಂದು. ಮನೆಯ ನಾಯಿ ಮಾತ್ರ ಏನನ್ನೂ ಕೇಳುವುದಿಲ್ಲ. ಕೈ ತುಂಬಿದ್ದರೂ ಬರಿದಾಗಿದ್ದರೂ ಅದು ಬಾಲ ಅಲ್ಲಾಡಿಸುತ್ತಾ ಓಡಿಬರುತ್ತದೆ.

ಕಾರ್ಮಿಕರಾದ ನಮ್ಮ ಬಾಳೆಲ್ಲಾ ಅಳತೆಯ ಬಾಳು. ಹಾಜರಿಗೆ ಅಳತೆ, ತಯಾರಿಸಿದ ಮಾಲಿಗೆ ಅಳತೆ, ಓವರ್‌ಟೈಮಿಗೆ ಅಳತೆ. ಇದು ತಪ್ಪಲ್ಲ. ದುಡಿದವನು ತನ್ನ ಕೂಲಿಯನ್ನು ಲೆಕ್ಕ ಮಾಡಿ ಕೇಳುವುದು ನ್ಯಾಯ. ತಡೆಹಿಡಿದ ಕೂಲಿ ದೇವರಿಗೆ ಕೂಗಿಕೊಳ್ಳುತ್ತದೆಂದು ಯಾಕೋಬನ ಪತ್ರಿಕೆಯೇ ಎಚ್ಚರಿಸುತ್ತದೆ. ಪ್ರೀತಿಯ ಹೆಸರು ಹೇಳಿ ಕೂಲಿ ಕಡಿಮೆ ಮಾಡುವ ಯಜಮಾನನಿಗೆ ಈ ಲೇಖನ ಆಧಾರವಾಗದಿರಲಿ. ಆದರೆ ಕಾರ್ಖಾನೆಯ ಅಳತೆಗೋಲನ್ನು ಮನೆಯೊಳಕ್ಕೂ ಪ್ರಾರ್ಥನಾ ಕೂಟದೊಳಕ್ಕೂ ತಂದಾಗ ಕೇಡು ಹುಟ್ಟುತ್ತದೆ.

ನಮ್ಮ ಕನ್ನಡ ನಾಡಿನಲ್ಲಿಯೇ ಇದಕ್ಕೆ ಒಂದು ಹಳೆಯ ಸಾಕ್ಷಿಯುಂಟು. ಕ್ರಿ.ಶ. 949ರ ಸುಮಾರಿಗೆ, ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನಿದ್ದನು. ಬೂತುಗನ ವೀರನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳು ಎಂದಾಗ ಅವನು ಬೇಡಿದ್ದು ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆ ಕಾಳಿಯು ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟರು. ಆ ಶಾಸನ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಜರ ಯುದ್ಧವನ್ನು ಹೇಳುವ ಕಲ್ಲೇ ಒಂದು ನಾಯಿಯ ನಿಷ್ಠೆಯನ್ನೂ ಹೇಳುತ್ತದೆ.

ಹಾಗೆಂದು ನಾಯಿಯ ಪ್ರೀತಿಯೇ ಕ್ರಿಸ್ತನ ಪ್ರೀತಿಯೆಂದು ನಾವು ಹೇಳುವುದಿಲ್ಲ. ನಾಯಿಯೂ ಯಜಮಾನನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ, ತಾಯಿ ಮಗುವನ್ನು ಬೆಸೆಯುವ ಆಕ್ಸಿಟೋಸಿನ್ ಎಂಬ ರಸವೇ ಇಬ್ಬರಲ್ಲಿಯೂ ಹೆಚ್ಚುತ್ತದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಆದುದರಿಂದ ಆ ಪ್ರೀತಿ ಸುಳ್ಳಲ್ಲ. ಆದರೆ ಅದಕ್ಕೆ ಒಂದು ಬೇಲಿಯುಂಟು. ನಾಯಿ ತನ್ನವರನ್ನು ಪ್ರೀತಿಸುತ್ತದೆ, ಅಪರಿಚಿತನಿಗೆ ಬೊಗಳುತ್ತದೆ. ನಮ್ಮ ಕರ್ತನೋ ತನ್ನನ್ನು ಶಿಲುಬೆಗೆ ಹಾಕಿದವರಿಗಾಗಿಯೂ ಪ್ರಾರ್ಥಿಸಿದನು. ನಾಯಿ ಕಲಿಸುವುದು ಮೊದಲನೆಯ ಪಾಠ ಮಾತ್ರ. ಆದರೆ ಆ ಮೊದಲನೆಯ ಪಾಠದಲ್ಲೇ ನಾವು ಹಿಂದೆ ಬಿದ್ದಿದ್ದೇವೆ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ನೆನೆಯಿರಿ. ಆಸ್ತಿ ಹಾಳುಮಾಡಿ ಬಂದ ಮಗನನ್ನು ದೂರದಿಂದಲೇ ಕಂಡ ತಂದೆ ಲೆಕ್ಕ ಕೇಳದೆ ಓಡಿಹೋಗಿ ಅಪ್ಪಿಕೊಂಡನು. ಲೆಕ್ಕ ಹಿಡಿದು ಹೊರಗೆ ನಿಂತವನು ಹಿರಿಯ ಮಗ. ಇಷ್ಟು ವರ್ಷ ದುಡಿದೆ, ನನಗೇನು ಕೊಟ್ಟೆ ಎಂಬುದೇ ಅವನ ದೂರು. ಅವನು ಸೋಮಾರಿಯಲ್ಲ, ಒಳ್ಳೆಯ ದುಡಿಮೆಗಾರ. ಆದುದರಿಂದಲೇ ಅವನ ಅಪಾಯ ನಮಗೆ ಹತ್ತಿರದ್ದು.

ಕೆಲಸ ಕಳೆದುಕೊಂಡ ಸಹೋದರನೊಬ್ಬನು ಕೂಟಕ್ಕೆ ಬರುವುದನ್ನು ನಿಲ್ಲಿಸುತ್ತಾನೆ. ಕಾಣಿಕೆ ಹಾಕಲು ಕೈಯಲ್ಲಿ ಕಾಸಿಲ್ಲ; ಸಾಲ ಕೊಟ್ಟವರು ಅಲ್ಲಿಯೇ ಕೂತಿರುತ್ತಾರೆ. ಇನ್ನೊಬ್ಬನು ಕುಡಿತಕ್ಕೆ ಬಿದ್ದು ನಾಚಿಕೆಯಿಂದ ಮುಖ ಮರೆಸುತ್ತಾನೆ. ಅವನು ಮತ್ತೆ ಬಾಗಿಲಿಗೆ ಬಂದ ದಿನ ನಮ್ಮ ಮೊದಲ ಮಾತು ಯಾವುದು? ಇಷ್ಟು ದಿನ ಎಲ್ಲಿದ್ದೆ ಎಂದೋ, ಬಂದೆಯಲ್ಲಾ, ಸಂತೋಷ ಎಂದೋ? ಬುದ್ಧಿಮಾತಿಗೂ ಒಂದು ಸಮಯವುಂಟು, ಆದರೆ ಅದು ಬಾಗಿಲಲ್ಲಿ ಅಲ್ಲ. ಅವನು ತನ್ನ ಮನೆಯ ನಾಯಿಯಲ್ಲಿ ಕಂಡಷ್ಟು ಸ್ವಾಗತವನ್ನೂ ದೇವರ ಮಕ್ಕಳಲ್ಲಿ ಕಾಣದೆಹೋದರೆ, ನಮ್ಮ ಹಾಡುಗಳಿಗೆ ಅರ್ಥವೇನು?

ಪ್ರೀತಿಸುವ ಆ ಮೂಕಪ್ರಾಣಿಗೂ ನಮ್ಮಿಂದ ಸಲ್ಲಬೇಕಾದುದುಂಟು. ಅದಕ್ಕೆ ನೀರಿಡಿರಿ, ಹಗಲೆಲ್ಲಾ ಸರಪಣಿಯಲ್ಲಿ ಬಿಗಿಯಬೇಡಿರಿ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ. ಯಾವ ನಾಯಿಯಾದರೂ ಕಚ್ಚಿದರೆ ಗಾಯವನ್ನು ಸೋಪಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಮನೆ ಬದಲಾಯಿಸುವಾಗ ಸಾಕಿದ ನಾಯಿಯನ್ನು ಬೀದಿಗೆ ಬಿಟ್ಟುಹೋಗಬೇಡಿರಿ.

ಈ ವಾರ ಒಂದು ಕೆಲಸ ಮಾಡೋಣ. ಬಹುದಿನಗಳಿಂದ ಕೂಟದಲ್ಲಿ ಕಾಣದ ಒಬ್ಬರನ್ನು ನೆನಪಿಗೆ ತಂದುಕೊಂಡು ಅವರ ಮನೆಗೆ ಹೋಗೋಣ. ಯಾಕೆ ಬರಲಿಲ್ಲವೆಂದು ಕೇಳುವುದು ಬೇಡ. ಅವರನ್ನು ಕಂಡು ನಮಗೆ ಸಂತೋಷವಾಯಿತೆಂದು ಅವರಿಗೆ ತಿಳಿದರೆ ಸಾಕು.