ಕಲ್ಲಾದ ಮರಕ್ಕೆ ಬೇಲಿ ಸಾಕು

ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಯ ಘುಘುವಾದಲ್ಲಿ ಕಾಲು ಚದರ ಕಿಲೋಮೀಟರಿಗಿಂತ ತುಸುವೇ ದೊಡ್ಡದಾದ ರಾಷ್ಟ್ರೀಯ ಉದ್ಯಾನವೊಂದಿದೆ. 1983ರಲ್ಲಿ ಅದನ್ನು ಘೋಷಿಸಿದ್ದು ಹುಲಿಗಾಗಿ ಅಲ್ಲ, ಸುಮಾರು 6.5 ಕೋಟಿ ವರ್ಷಗಳ ಹಿಂದೆ ಬೆಳೆದು ಕಲ್ಲಾಗಿ ಉಳಿದ ತಾಳೆ ಮೊದಲಾದ ಮರಗಳಿಗಾಗಿ. ಒಡೆದ ತುಂಡು ಮತ್ತೆ ಚಿಗುರುವುದಿಲ್ಲ. ಯಾರೂ ಮುಟ್ಟದಂತೆ, ಹೊತ್ತೊಯ್ಯದಂತೆ ಕಾಯುವುದೇ ಅಲ್ಲಿ ಪೂರ್ಣ ರಕ್ಷಣೆ. ನಮ್ಮ ಯಳಂದೂರು, ಕೊಳ್ಳೇಗಾಲ, ಹನೂರಿನ ಬೆಟ್ಟದ ಬಂಡೆಗಳಲ್ಲಿ ಅಂಥ ಮರ ಸಿಗದು. ಬಿಳಿಗಿರಿರಂಗನ ಬೆಟ್ಟದ ಶಿಲೆ 250 ಕೋಟಿ ವರ್ಷವಾದರೂ ಹಳೆಯದು. ನೆಲದ ಮೇಲೆ ಗಿಡ ಹುಟ್ಟಿದ್ದು ಅದಾಗಿ ಎಷ್ಟೋ ಕಾಲದ ಮೇಲೆ. ಇಲ್ಲಿ ಉಳಿಸಬೇಕಾದ ಹಳೆಯದು ಉಸಿರಾಡುತ್ತಿದೆ: ಭಾರ್ಗವಿ ಹೊಳೆಯ ಬದಿಯ ದೊಡ್ಡ ಸಂಪಿಗೆ, ಅದನ್ನು ದೇವರೆಂದು ನಂಬಿದ ಇಲ್ಲಿನ ಆದಿವಾಸಿ ಸೋಲಿಗರು, ಇಬ್ಬರನ್ನೂ ಸಾಕಿದ ಕಾಡು. ಕಲ್ಲಾದ ಕಾಡಿಗೆ ಒಪ್ಪುವ 'ಮುಟ್ಟಬೇಡ' ಎಂಬ ನೀತಿಯನ್ನೇ ಈ ಕಾಡಿಗೂ ಹೇರಿದ್ದು ತಪ್ಪು ಎಂಬುದು ನನ್ನ ವಾದ.

1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾಯಿತು. ಸೋಲಿಗರ ಅಲೆಮಾರಿ ಬೇಸಾಯ ನಿಂತಿತು, ಅವರ ಅನೇಕ ಪೋಡುಗಳು, ಅಂದರೆ ಹಾಡಿಗಳು, ಜಾಗ ಬದಲಿಸಿದವು, ತರಗು ಬೆಂಕಿ ನಿಷಿದ್ಧವಾಯಿತು. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ತೇವ ಇನ್ನೂ ಇರುವಾಗ ತರಗೆಲೆಗೆ ಹಚ್ಚುತ್ತಿದ್ದ ತಗ್ಗಿನ ಬೆಂಕಿ ಅದು. ಅದು ನಿಂತ ಮೇಲೆ ಲಂಟಾನ ಎಂಬ ಕಳೆಪೊದೆ ಹಬ್ಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಾಯಿತು ಎಂದು ಸೋಲಿಗರು ಹೇಳುತ್ತಾರೆ. ಸಂಶೋಧಕರ ಅಳತೆಯೂ ಒಂದು ಮಾತನ್ನು ಗಟ್ಟಿ ಮಾಡುತ್ತದೆ: 1997ರಿಂದ 2008ರ ನಡುವೆ ಲಂಟಾನ ಕಂಡ ಜಾಗಗಳು ಹೆಚ್ಚುಕಡಿಮೆ ಇಮ್ಮಡಿಯಾದವು. ಅದರ ಪೊದೆಯಡಿ ಹುಲ್ಲೂ ಏಳದು, ಮರದ ಸಸಿಯೂ ಏಳದು. ಹುಲ್ಲಿಲ್ಲದೆಡೆ ಕಡವೆ, ಕಾಟಿಗಳಿಗೆ ಏನು ಉಳಿಯಿತು? ಅವಿಲ್ಲದೆ ಹುಲಿಗೆ?

ಬೆಂಕಿಯನ್ನು ನಂಬಬಹುದೇ ಎಂಬ ಅಂಜಿಕೆ ನಿಜವಾದದ್ದೇ. ಹಿಂದೆ ಲಂಟಾನ ಇಷ್ಟು ದಟ್ಟವಾಗಿರಲಿಲ್ಲ. ಈಗ ಹಚ್ಚಿದರೆ ಒಣಪೊದೆ ಹತ್ತಿ ಮರದ ತಲೆಯವರೆಗೂ ಜ್ವಾಲೆ ಏರೀತು. ಆದ್ದರಿಂದ ಹಳೆಯ ರೂಢಿಯನ್ನು ಹಾಗೇ ಮರಳಿ ತರಲಾಗದು. ಮೊದಲು ಪೊದೆ ಕಡಿದು ತೆಗೆಯಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಿದ್ದಾರೆ, ಕಡಿಯುವ ಕೈಗಳಿಗೆ ಕೊರತೆಯಿಲ್ಲ. ಆದರೆ ಆ ಕೆಲಸವೊಂದೇ ಇಷ್ಟು ದೊಡ್ಡ ಕಾಡಿಗೆ ಸಾಲದು. ಇನ್ನೊಂದು ಆಕ್ಷೇಪ ಪೇಟೆಯದು: ಸೋಲಿಗರು ಕಾಡಿನಿಂದ ತಂದು ಮಾರುವ ಜೇನು, ನೆಲ್ಲಿಗೆ ಬೆಲೆ ಬಂದರೆ ಕಾಡು ಬರಿದಾಗದೇ? ಮಿತಿ ಬೇಕು, ಒಪ್ಪುವೆ. ಆ ಮಿತಿಯನ್ನು ಯಾರು ಹಾಕಬೇಕು ಎಂಬಲ್ಲಿ ನನ್ನ ತಕರಾರು. 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದ ಈ ಕಾಡಿನಲ್ಲೇ ಅದೇ ವರ್ಷ ಸೋಲಿಗರಿಗೆ ಅರಣ್ಯಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ದೊರೆಯಿತು. ದೇಶದ ಹುಲಿ ಕಾಡುಗಳಲ್ಲಿ ಅದು ಮೊದಲನೆಯದು. ಆ ಕಾಯ್ದೆ ಗ್ರಾಮಸಭೆಗೆ ಕಾಡು ಕಾಯುವ ಅಧಿಕಾರವನ್ನೂ ಕೊಟ್ಟಿದೆ. ಹಾಗಿದ್ದಮೇಲೆ ಲಂಟಾನ ತೆಗೆದ ಕೆಲವು ತಾಕುಗಳಲ್ಲಿ ಅರಣ್ಯ ಇಲಾಖೆ ಮತ್ತು ಗ್ರಾಮಸಭೆ ಕೂಡಿ ತರಗು ಬೆಂಕಿ ಹಚ್ಚಲಿ. ಪಕ್ಕದಲ್ಲೇ ಬೆಂಕಿಯಿಲ್ಲದ ತಾಕುಗಳನ್ನೂ ಬಿಡಲಿ. ಹುಲ್ಲೆಷ್ಟು ಬಂತು, ನೆಲ್ಲಿಯ ಸಸಿ ಎಷ್ಟು ಉಳಿಯಿತು ಎಂದು ಇಬ್ಬರೂ ಜತೆಯಾಗಿ ಎಣಿಸಲಿ.