ಆಲೂರಿನ ಹತ್ತು ದಿನ, ನಮ್ಮೂರ ಸಭೆ

"ಕಾಡಿನ ನಡುವೆ ಮನೆ ಇಟ್ಟುಕೊಂಡವರು ಮೌನ ಹುಡುಕಿಕೊಂಡು ಬೆಂಗಳೂರಿಗೆ ಹೋಗುವುದುಂಟೇ?" ಹತ್ತು ದಿನಗಳ ಧ್ಯಾನ ಶಿಬಿರಕ್ಕೆ ಹೊರಟಾಗ ನೆರೆಮನೆಯ ಹಿರಿಯರೊಬ್ಬರು ನಗುತ್ತ ಕೇಳಿದ ಪ್ರಶ್ನೆಯಿದು. ಅಂದು ನನ್ನ ಬಳಿ ಉತ್ತರವಿರಲಿಲ್ಲ. ಹಿಂದಿರುಗಿ ಬಂದ ಮೇಲೆ ದೊರೆತ ಉತ್ತರ ನನಗೆ ಅಷ್ಟೇನೂ ಹಿತವಾದದ್ದಲ್ಲ. ಆದರೂ ಅದು ನಮ್ಮೆಲ್ಲರಿಗೂ ಸಂಬಂಧಿಸಿದ್ದೆಂದು ಅನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ತುಮಕೂರು ರಸ್ತೆಯಲ್ಲಿರುವ ಪೀಣ್ಯ ನಮ್ಮವರಿಗೆ ಅಪರಿಚಿತ ಸ್ಥಳವಲ್ಲ. ಐಟಿಐ ಮುಗಿಸಿದ ನಮ್ಮ ಹಳ್ಳಿಗಳ ಎಷ್ಟೋ ಹುಡುಗರು ಅಲ್ಲಿನ ಲೇತು, ಪ್ರೆಸ್ಸುಗಳ ಮುಂದೆ ನಿಂತು ಅನ್ನ ಸಂಪಾದಿಸುತ್ತಿದ್ದಾರೆ. ಲೋಹಲೇಪನ ಘಟಕಗಳ ತ್ಯಾಜ್ಯದಿಂದ ಅಲ್ಲಿನ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ ಸಂಗತಿ ಪರಿಸರಾಸಕ್ತರಿಗೆ ಗೊತ್ತೇ ಇದೆ. 2024ರ ನವೆಂಬರಿನಲ್ಲಿ ಮೆಟ್ರೊ ರೈಲು ನಾಗಸಂದ್ರದಿಂದ ಮಾದಾವರದವರೆಗೆ ವಿಸ್ತರಿಸಿತು. ಅದರಾಚೆ, ದಾಸನಪುರ ಹೋಬಳಿಯ ಆಲೂರಿನಲ್ಲಿ 'ಧಮ್ಮ ಪಫುಲ್ಲ' ಎಂಬ ವಿಪಶ್ಯನಾ ಕೇಂದ್ರವಿದೆ. ನಾನು ಹೋದದ್ದು ಅಲ್ಲಿಗೆ.

ಈ ಧ್ಯಾನಕ್ರಮವನ್ನು ನಮ್ಮ ದೇಶದಲ್ಲಿ ಹರಡಿದವರು ಸತ್ಯನಾರಾಯಣ ಗೋಯಂಕಾ (1924–2013). ಬರ್ಮಾದಲ್ಲಿ ಹುಟ್ಟಿ ಬೆಳೆದ ಈ ವ್ಯಾಪಾರಿಗೆ ವಿದ್ಯೆ ಕಲಿಸಿದ ಊ ಬಾ ಖಿನ್ ಸನ್ಯಾಸಿಯಲ್ಲ, ಸ್ವತಂತ್ರ ಬರ್ಮಾದ ಮೊದಲ ಮಹಾಲೇಖಪಾಲರಾಗಿದ್ದ ಗೃಹಸ್ಥರು. 1969ರಲ್ಲಿ ಭಾರತಕ್ಕೆ ಬಂದ ಗೋಯಂಕಾ ಜಾತಿ, ಮತ ಕೇಳದೆ ಎಲ್ಲರಿಗೂ ಇದನ್ನು ಕಲಿಸಿದರು. ಶಿಬಿರಕ್ಕೆ ಶುಲ್ಕವಿಲ್ಲ, ಮುಗಿಸಿದವರು ಇಚ್ಛೆಯಿದ್ದರೆ ದಾನ ಕೊಡಬಹುದು. ಬೆಳಗಿನ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ. ದಿನಕ್ಕೆ ಸುಮಾರು ಹತ್ತು ತಾಸು ಕೂರಬೇಕು. ಫೋನು, ಪುಸ್ತಕ, ಲೇಖನಿ ಯಾವುದೂ ಕೈಯಲ್ಲಿರುವುದಿಲ್ಲ. ಹತ್ತನೆಯ ದಿನದವರೆಗೆ 'ಆರ್ಯಮೌನ': ಮಾತಷ್ಟೇ ಅಲ್ಲ, ಸನ್ನೆಯೂ ನಿಷಿದ್ಧ.

ಮೊದಲ ಮೂರೂವರೆ ದಿನ ಮೂಗಿನ ಬಳಿ ಸುಳಿಯುವ ಉಸಿರನ್ನು ಗಮನಿಸುವುದೊಂದೇ ಕೆಲಸ. ಉಸಿರನ್ನು ಬದಲಿಸಬಾರದು, ಬರಿದೇ ನೋಡಬೇಕು. ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ಅದೇ ಬಗೆಯಲ್ಲಿ ನೋಡುವ ಅಭ್ಯಾಸ. ಮೊಣಕಾಲು ಉರಿದರೆ ಆ ಉರಿ ಹುಟ್ಟಿ, ಏರಿ, ಇಳಿಯುವುದನ್ನು ಸಹನೆಯಿಂದ ಕಾಣಬೇಕು. ಕೃಷಿ ವಿಜ್ಞಾನದ ವಿದ್ಯಾರ್ಥಿಗೆ ಇದು ಹೊಸ ಪಾಠವಲ್ಲ. ನಿರ್ಣಯಕ್ಕೆ ಮುನ್ನ ಅವಲೋಕನ ಎಂಬುದು ನಾವು ಕಲಿಯುವ ಮೊದಲ ಸೂತ್ರ. ಆದರೆ ಪದವಿ, ಹುದ್ದೆಗಳು ಏರಿದಂತೆ ನಾವು ಮರೆಯುವ ಮೊದಲ ಸೂತ್ರವೂ ಅದೇ.

ಆರನೆಯ ದಿನ, ಉಸಿರಿನ ಬದಲು ನನ್ನೆದುರು ಬಂದು ನಿಂತದ್ದು ಹಿಂದಿನ ಮಳೆಗಾಲದ ನಮ್ಮೂರ ಸಭೆ. ಅಡಿಕೆ ತೋಟಗಳ ಎಲೆಚುಕ್ಕಿ ರೋಗದ ಬಗ್ಗೆ ನಾನು ವಿವರಿಸುತ್ತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ವೃದ್ಧೆ ಎದ್ದು ತಮ್ಮ ತೋಟದ ಮೇಲಿನ ಹಳ್ಳದ ವಿಷಯ ಆರಂಭಿಸಿದರು. "ಅಮ್ಮಾ, ಈಗ ರೋಗದ ವಿಚಾರ, ನೀರಿನದ್ದು ಆಮೇಲೆ ನೋಡೋಣ" ಎಂದು ಅವರನ್ನು ಕೂರಿಸಿದೆ. ಆ 'ಆಮೇಲೆ' ಬರಲೇ ಇಲ್ಲ. ಕಾಡಿನ ನಡುವೆಯೇ ಇದ್ದರೂ ನನ್ನೊಳಗೆ ಪೀಣ್ಯದ ಪ್ರೆಸ್ಸಿನಂತೆ ಹಗಲಿರುಳೂ ನನ್ನದೇ ಮಾತು ಬಡಿಯುತ್ತಿತ್ತು. ನೆರೆಮನೆಯ ಹಿರಿಯರ ಪ್ರಶ್ನೆಗೆ ಉತ್ತರ ಇದೇ.

ಮೌನವಾಸದ ಮೂಲದಲ್ಲಿ ಕೃಷಿಯ ಮತ್ತು ಪರಿಸರದ ಒಂದು ಸಂಗತಿ ಇದೆ. ಭಿಕ್ಷುಗಳು ಮಳೆಗಾಲದಲ್ಲಿಯೂ ಸುತ್ತಾಡುತ್ತ ಹಸಿರು ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತಿದ್ದಾರೆ, ಹಕ್ಕಿಗಳು ಕೂಡ ಮಳೆಗಾಲದಲ್ಲಿ ಗೂಡು ಸೇರುತ್ತವಲ್ಲ ಎಂದು ಜನರು ಆಕ್ಷೇಪಿಸಿದರಂತೆ. ಬುದ್ಧ ಆ ದೂರನ್ನು ಒಪ್ಪಿ ಮೂರು ತಿಂಗಳು ಒಂದೆಡೆ ನೆಲೆಸುವ ವರ್ಷಾವಾಸವನ್ನು ವಿಧಿಸಿದನೆಂದು ವಿನಯಪಿಟಕ ಹೇಳುತ್ತದೆ. ಗುರುವೊಬ್ಬ ಜನಸಾಮಾನ್ಯರ ಮಾತಿಗೆ ಕಿವಿಗೊಟ್ಟು ನಿಯಮ ಮಾಡಿದ ನಿದರ್ಶನವಿದು. ನೆಲಕ್ಕೆ ಬಿಡುವು ಕೊಡುವುದೂ ಜನರ ಮಾತು ಕೇಳುವುದೂ ಅಲ್ಲಿ ಒಂದೇ ಕ್ರಿಯೆಯಾಗಿವೆ.

ಶಿಬಿರವನ್ನು ಸರ್ವರೋಗನಿವಾರಕವೆಂದು ನಾನು ಹೊಗಳಲಾರೆ. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಇದು ತಕ್ಕುದಲ್ಲವೆಂದು ಕೇಂದ್ರದ ನಿಯಮಾವಳಿಯೇ ತಿಳಿಸುತ್ತದೆ. ಶುಲ್ಕವಿಲ್ಲ, ನಿಜ, ಆದರೆ ಬರುವ ಮತ್ತು ಹೊರಡುವ ದಿನಗಳೂ ಸೇರಿ ಹನ್ನೆರಡು ದಿನಗಳ ಕೂಲಿಯನ್ನು ಬಿಡಲು ಪೀಣ್ಯದ ಗುತ್ತಿಗೆ ಕಾರ್ಮಿಕನಿಗೆ ಸಾಧ್ಯವೇ? ಕಾಸುಳ್ಳವರು ವಾರಾಂತ್ಯದಲ್ಲಿ ನಮ್ಮ ಬೆಟ್ಟಗಳ ರೆಸಾರ್ಟುಗಳಿಗೆ ಬಂದು ಮೌನವನ್ನು ಕೊಳ್ಳುತ್ತಾರೆ. ಯಂತ್ರದ ಮುಂದೆ ನಿಂತವನಿಗೆ ಎರಡೂ ಎಟುಕುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್, ಕೈಗಾರಿಕಾ ಪ್ರದೇಶಕ್ಕೆ 70 ಡೆಸಿಬೆಲ್ ಎಂದು ಮಿತಿ ಹಾಕಿವೆ. ನಿದ್ರೆ ಮಾತ್ರ ಎರಡೂ ಕಡೆಯ ಮನುಷ್ಯನಿಗೆ ಒಂದೇ. ಶುದ್ಧ ನೀರಿನಂತೆ ನಿಶ್ಶಬ್ದವೂ ಎಲ್ಲರಿಗೂ ಸಲ್ಲಬೇಕಾದ ಸೊತ್ತು. ಅದು ಮಾರಾಟದ ಸರಕಾಗಬಾರದು.

ಇನ್ನೊಂದು ಎಚ್ಚರವೂ ಅಗತ್ಯ. ಕೇಳಿಸಿಕೊಳ್ಳುವವನ ಮೌನ ಬೇರೆ, ಬಾಯಿ ಮುಚ್ಚಿಸುವವನ ಮೌನ ಬೇರೆ. ಪಶ್ಚಿಮಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರ ಆಗಸ್ಟಿನಲ್ಲಿ ಸಲ್ಲಿಕೆಯಾಯಿತು. ಮಾಹಿತಿ ಹಕ್ಕಿನ ಹೋರಾಟದ ನಂತರ 2012ರ ಮೇ ತಿಂಗಳಲ್ಲಿ ಸಾರ್ವಜನಿಕರ ಕೈಸೇರಿತು. ಅದನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂಬುದು ಸಮಿತಿಯ ಆಶಯವಾಗಿತ್ತು. ಸರ್ಕಾರ ಮೌನ ವಹಿಸಿದ ಆ ತಿಂಗಳುಗಳಲ್ಲಿ ಗಾಳಿಮಾತು ಬೆಳೆಯಿತು. 2024ರ ಜುಲೈನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವೆಂದು ಸೂಚಿಸುವ ಕರಡು ಮತ್ತೆ ಹೊರಬಿತ್ತು. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಇಷ್ಟು ವರ್ಷಗಳಲ್ಲಿ ಪರವಾಗಿ ಕೂಗಿದ್ದೇವೆ, ವಿರುದ್ಧವಾಗಿಯೂ ಕೂಗಿದ್ದೇವೆ. ಒಕ್ಕಲೇಳುವ ಭಯದಲ್ಲಿರುವ ಸಣ್ಣ ರೈತನ ಮಾತನ್ನು ಪರಿಸರವಾದಿಗಳಾದ ನಾವು ಪೂರ್ತಿಯಾಗಿ ಕೇಳಿಸಿಕೊಂಡಿದ್ದೇವೆಯೇ? ಬೆಟ್ಟ ಕುಸಿಯುವುದನ್ನು ಕಂಡವರ ಮಾತನ್ನು ಅಭಿವೃದ್ಧಿವಾದಿಗಳು ಕೇಳಿಸಿಕೊಂಡಿದ್ದಾರೆಯೇ?

ಆದ್ದರಿಂದ ಬಳಗದ ಮುಂದೆ ಎರಡು ಸಣ್ಣ ಸಲಹೆಗಳನ್ನು ಇಡುತ್ತೇನೆ. ನಮ್ಮ ಸಭೆಗಳು ಐದು ನಿಮಿಷಗಳ ಮೌನದಿಂದ ಆರಂಭವಾಗಲಿ, ಮೊದಲ ಮಾತು ಹಿಂದಿನ ಸಾಲಿನವರದಾಗಲಿ. ತಜ್ಞರು ಕೊನೆಯಲ್ಲಿ ಮಾತಾಡಲಿ. ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಊರಿನ ಒಂದು ಹಳ್ಳದ ದಂಡೆಯಲ್ಲಿ ಫೋನಿಲ್ಲದೆ, ಮಾತಿಲ್ಲದೆ ನಡೆದು, ಮನೆಗೆ ಬಂದ ಮೇಲೆ ಕಂಡದ್ದನ್ನು ದಿನಾಂಕದೊಡನೆ ಬರೆದಿಡಲಿ. ಹತ್ತು ವರ್ಷಗಳಲ್ಲಿ ಆ ಪುಸ್ತಕ ಯಾವ ಕಚೇರಿಯಲ್ಲೂ ಇಲ್ಲದ ದಾಖಲೆಯಾಗುತ್ತದೆ.

ಆಲೂರಿನಿಂದ ಬಂದ ಮೂರನೆಯ ದಿನ ನಾನು ಆ ವೃದ್ಧೆಯ ಮನೆಗೆ ಹೋದೆ. ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅವರು ಒಂದು ತಾಸು ಮಾತನಾಡಿದರು. ಯುಗಾದಿಯವರೆಗೆ ಹರಿಯುತ್ತಿದ್ದ ಹಳ್ಳ ಈಗ ಸಂಕ್ರಾಂತಿಗೇ ನಿಲ್ಲುವುದು, ಮೇಲಿನ ಸೊಪ್ಪಿನಬೆಟ್ಟ ಬೋಳಾದ ವರ್ಷ, ಯಾವ ಮೂಲೆಯ ಮರಗಳು ಮೊದಲು ಸೊರಗಿದವು ಎಂಬ ಲೆಕ್ಕ ಎಲ್ಲವೂ ಅವರ ನೆನಪಿನಲ್ಲಿತ್ತು. ಅದರಲ್ಲಿ ರೋಗಕ್ಕೆ ಸಂಬಂಧಿಸಿದ್ದೆಷ್ಟು ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕು. ಹೊರಡುವಾಗ ಅವರು ಹೇಳಿದರು: "ಅವತ್ತು ಸಭೆಯಲ್ಲಿ ಹೇಳಬೇಕು ಅಂತಿದ್ದದ್ದೂ ಇಷ್ಟೇ."